ಅಂಕಿತ ಯಾರ ಹೆಸರು?

ಬಸವ ಜಯಂತಿಯ ವೇದಿಕೆಗಳಲ್ಲಿ ಈಚೆಗೆ ಒಂದು ಮಾತು ಚಾಲ್ತಿಗೆ ಬಂದಿದೆ. ಮುಂದಿನ ಸಾಲಿನಲ್ಲಿ ಕೂತ ಕಾಲೇಜು ಹುಡುಗರನ್ನು ಹಿಡಿದಿಡಲು ಭಾಷಣಕಾರರು ಹೇಳುತ್ತಾರೆ: ‘ನಿಮಗೆಲ್ಲ ಇನ್‌ಸ್ಟಾಗ್ರಾಮ್‌ನಲ್ಲಿ ಯೂಸರ್‌ನೇಮ್ ಇದೆಯಲ್ಲ, ಹಾಗೆಯೇ ಹನ್ನೆರಡನೆಯ ಶತಮಾನದಲ್ಲಿ ಶರಣರಿಗೆ ಅಂಕಿತನಾಮ ಇತ್ತು.’ ಚಪ್ಪಾಳೆ ಬೀಳುತ್ತದೆ. ಇದಕ್ಕೂ ಮೊದಲು ‘ಅಂಕಿತವೆಂದರೆ ಶರಣರ ಕಾವ್ಯನಾಮ’ ಎಂಬ ಮಾತಿತ್ತು. ಅದು ಇನ್ನೂ ಪಾಠಗಳಲ್ಲಿ, ಗೈಡುಗಳಲ್ಲಿ, ಕ್ವಿಜ್ ಸ್ಪರ್ಧೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಬಸವಣ್ಣನವರ ಅಂಕಿತ ಯಾವುದು ಎಂಬುದು ಒಂದು ಅಂಕದ ಪ್ರಶ್ನೆ. ಕೂಡಲಸಂಗಮದೇವ ಎಂದು ಬರೆದವರಿಗೆ ಅಂಕ ಸಿಗುತ್ತದೆ. ಆ ಹೆಸರು ಯಾರದು ಎಂಬ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕೇಳಿದರೆ ಹೋಲಿಕೆ ಅಲ್ಲಿಗೇ ಮುರಿದುಬೀಳುತ್ತದೆ. ಕೂಡಲಸಂಗಮದೇವ ಬಸವಣ್ಣನವರ ಹೆಸರಲ್ಲ. ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿಯ ಹೆಸರಲ್ಲ. ಗುಹೇಶ್ವರ ಅಲ್ಲಮರ ಹೆಸರಲ್ಲ. ಮಾತಾಡಿದವರು ಒಬ್ಬರು, ಮಾತಿನ ಕೊನೆಗೆ ನಿಂತ ಹೆಸರು ಇನ್ನೊಬ್ಬರದು. ಯಾರ ಮುಂದೆ ನಿಂತು ಮಾತಾಡುತ್ತಿದ್ದಾರೋ ಅವರ ಹೆಸರನ್ನು ಶರಣರು ಮಾತಿನ ತುದಿಗೆ ಇಟ್ಟರು. ಯೂಸರ್‌ನೇಮ್ ‘ನಾನು ಇಂಥವನು’ ಎನ್ನುತ್ತದೆ. ಅಂಕಿತ ‘ನಾನು ಇಂಥವರೊಡನೆ ಮಾತಾಡುತ್ತಿದ್ದೇನೆ’ ಎನ್ನುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ವಚನಗಳ ಬೆನ್ನೆಲುಬೇ ಕಾಣಿಸದೆ ಹೋಗುತ್ತದೆ. ಈ ಬರಹ ಆ ಒಂದು ವ್ಯತ್ಯಾಸದ ಕುರಿತು.

ಯೂಸರ್‌ನೇಮಿನ ಬಗ್ಗೆ ನನಗೆ ತಾತ್ಸಾರವಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರು ಮೊಬೈಲಿನಲ್ಲಿ ಇಟ್ಟುಕೊಳ್ಳುವ ಹೆಸರುಗಳನ್ನು ನೋಡಿ: ಊರಿನ ಹೆಸರು, ಅದಕ್ಕೆ ಅಂಟಿಕೊಂಡು ಹುಲಿ ಎಂದೋ ಸರ್ಕಾರ್ ಎಂದೋ ಒಂದು ಬಿರುದು, ಕೊನೆಗೆ ಕೆಎ 28 ಎಂಬ ವಿಜಯಪುರದ ಗಾಡಿ ನಂಬರು. ಪುಣೆಯಲ್ಲಿ, ಬೆಂಗಳೂರಿನಲ್ಲಿ ದುಡಿಯಲು ಹೋದ ಹುಡುಗನಿಗೆ ಆ ಎರಡು ಅಂಕಿಗಳು ಮನೆಯ ವಿಳಾಸವಿದ್ದಂತೆಯೇ ಸರಿ. ಇದಕ್ಕೆ ನಮ್ಮಲ್ಲಿ ಒಳ್ಳೆಯ ವಂಶಾವಳಿಯೂ ಇದೆ, ಆದರೆ ಅದು ವಚನದ್ದಲ್ಲ, ಲಾವಣಿಯದು. ಲಾವಣಿಯ ಕೊನೆಯ ನುಡಿಯಲ್ಲಿ ಊರು ಬರುತ್ತದೆ, ಊರ ದೇವರು ಬರುತ್ತಾನೆ, ಗುರು ಬರುತ್ತಾನೆ, ಕವಿಯ ಹೆಸರೂ ಬರುತ್ತದೆ. ಇಂಡಿ ಸೀಮೆಯ ಹಲಸಂಗಿಯ ಖಾಜಾಭಾಯಿಯನ್ನು ಇಂದಿಗೂ ಊರಿನ ಹೆಸರು ಸೇರಿಸಿಯೇ ಹೇಳುತ್ತೇವೆ. ಮೇಳಗಳ ನಡುವೆ ಸವಾಲು ಜವಾಬು ನಡೆಯುವಾಗ ಪದ ಯಾವ ಊರಿನದು, ಯಾರು ಕಟ್ಟಿದ್ದು ಎಂಬುದು ಗೊತ್ತಾಗಬೇಕು. ಗೆದ್ದರೆ ಊರಿಗೆ ಹೆಸರು. ಹುಡುಗರ ಐಡಿ ಇದೇ ಕೆಲಸ ಮಾಡುತ್ತದೆ.

ಅದೇ ಹಲಸಂಗಿಯಲ್ಲಿ ಕಾವ್ಯನಾಮವೂ ಇದೆ. ಚೆನ್ನಮಲ್ಲಪ್ಪ ಗಲಗಲಿ ಎಂಬವರು ಮಧುರಚೆನ್ನ ಆದರು. ತನ್ನದೇ ಹೆಸರಿನ ಒಂದು ತುಂಡನ್ನು ಉಳಿಸಿಕೊಂಡು, ತಾನು ಏನಾಗಬೇಕೆಂದು ಹಂಬಲಿಸಿದರೋ ಆ ಗುಣವನ್ನು ಅದಕ್ಕೆ ಜೋಡಿಸಿಕೊಂಡ ಹೆಸರು ಅದು. ಅವರೂ ಗೆಳೆಯರೂ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ಕಟ್ಟಿದವರ ಹೆಸರೇ ಇಲ್ಲ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳು ಯಾವ ಮುದ್ರೆಯನ್ನೂ ಒತ್ತಲಿಲ್ಲ. ಒಂದೇ ಊರಲ್ಲಿ ಮುದ್ರೆ ಒತ್ತುವ ಲಾವಣಿಕಾರ, ಹೆಸರು ಬದಲಿಸಿಕೊಂಡ ಕವಿ, ಹೆಸರಿಲ್ಲದ ಹಾಡುಗಾರ್ತಿ, ಮೂವರೂ ಸಿಗುತ್ತಾರೆ. ಅಂಕಿತ ಈ ಮೂರರ ಪೈಕಿ ಯಾವುದೂ ಅಲ್ಲ.

ಇಲ್ಲಿ ಒಬ್ಬ ದಾರ್ಶನಿಕನ ಜೊತೆ ಜಗಳ ಆಡಲೇಬೇಕು. ಹೆಸರಿನ ಕುರಿತು ಈಗ ಎಲ್ಲರೂ ಆಡುವ ಮಾತುಗಳ ಹಿಂದೆ ಅವನೇ ನಿಂತಿದ್ದಾನೆ. ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ, ವ್ಯಕ್ತಿ ಮತ್ತು ಊರುಗಳ ಹೆಸರುಗಳಿಗೆ ಅರ್ಥವೇ ಇಲ್ಲ ಎಂದ. ಹೆಸರು ಒಂದು ವಸ್ತುವಿನ ಕಡೆ ಬೆರಳು ತೋರಿಸುತ್ತದೆ, ಅಷ್ಟೇ. ಅರೇಬಿಯನ್ ಕಥೆಯಲ್ಲಿ ಕಳ್ಳನೊಬ್ಬ ಮನೆಯ ಗುರುತು ಸಿಗಲೆಂದು ಸೀಮೆಸುಣ್ಣದಿಂದ ಗೀರು ಎಳೆಯುತ್ತಾನಲ್ಲ, ಹೆಸರೂ ಅಂಥದೇ ಗೀರು ಎಂಬುದು ಅವನ ವಾದ. ಗೀರಿಗೆ ಉದ್ದೇಶವಿದೆ, ಅರ್ಥವಿಲ್ಲ. ಡಾರ್ಟ್‌ಮತ್ ಎಂಬ ಊರಿನ ಉದಾಹರಣೆಯನ್ನೂ ಕೊಟ್ಟ. ಡಾರ್ಟ್ ನದಿಯ ಮುಖದಲ್ಲಿದೆ ಎಂದು ಆ ಊರಿಗೆ ಆ ಹೆಸರು ಬಂತು. ನಾಳೆ ಮರಳು ತುಂಬಿ ನದೀಮುಖ ಮುಚ್ಚಿಹೋದರೂ, ಭೂಕಂಪವಾಗಿ ನದಿಯೇ ದೂರ ಸರಿದರೂ ಊರಿನ ಹೆಸರು ಬದಲಾಗಬೇಕಿಲ್ಲ.

ಮಿಲ್ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ 1823ರಿಂದ 1858ರವರೆಗೆ ನೌಕರಿ ಮಾಡಿದವನು. ಎಂದೂ ಕಣ್ಣಾರೆ ಕಾಣದ ದೇಶದ ಊರುಗಳನ್ನು, ಜನರನ್ನು ಕಾಗದದ ಮೇಲಿನ ಹೆಸರುಗಳಾಗಿಯೇ ಕಂಡ. ಅಂಥವನಿಗೆ ಹೆಸರು ಕಡತದ ಗುರುತಾಗಿ ತೋರಿದ್ದು ಆಶ್ಚರ್ಯವಲ್ಲ. ಆದರೂ ಅವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು: ಡಾರ್ಟ್‌ಮತ್ ಕುರಿತು ಅವನು ಊಹಿಸಿದ್ದು ನಮ್ಮ ಕಣ್ಣೆದುರೇ ನಡೆದಿದೆ. ಕೃಷ್ಣೆ ಮಲಪ್ರಭೆಗಳು ಕೂಡುವ ಜಾಗ ಎಂದು ಕೂಡಲಸಂಗಮಕ್ಕೆ ಆ ಹೆಸರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಹಿನ್ನೀರು ಅಲ್ಲಿಯವರೆಗೂ ಬಂದು ನಿಂತಿತು. ಈಗ ನೀರು ತುಂಬಿದಾಗ ಹೋಗಿ ನೋಡಿದರೆ ಯಾವುದು ಕೃಷ್ಣೆ, ಯಾವುದು ಮಲಪ್ರಭೆ ಎಂದು ಬೇರ್ಪಡಿಸಲಾಗದು. ಒಂದೇ ಹರವಾದ ನೀರು. ಬಸವಣ್ಣನವರ ಐಕ್ಯಸ್ಥಳವನ್ನು ಉಳಿಸಲು ಸುತ್ತ ಎತ್ತರದ ಗೋಡೆ ಕಟ್ಟಿದ್ದಾರೆ. ಸೇತುವೆ ದಾಟಿ, ಬಾವಿಗಿಳಿದಂತೆ ಮೆಟ್ಟಿಲಿಳಿದು ಹೋಗಬೇಕು. ಗೋಡೆಯ ಆಚೆ ನೀರು ತಲೆಯ ಮಟ್ಟಕ್ಕಿಂತ ಮೇಲಿರುತ್ತದೆ. ಹೊಳೆಗಳ ಕೂಡಲು ಕಣ್ಣಿಗೆ ಕಾಣದಂತಾದರೂ ಊರಿನ ಹೆಸರು ಹಾಗೇ ಇದೆ. ಇಷ್ಟರ ಮಟ್ಟಿಗೆ ಮಿಲ್ ಗೆದ್ದ.

ಅವನು ಸೋಲುವುದು ಬೇರೆ ಕಡೆ. ಮಿಲ್ ಯೋಚಿಸಿದ್ದು ಒಬ್ಬರ *ಬಗ್ಗೆ* ಆಡುವ ಮಾತಿನಲ್ಲಿ ಹೆಸರು ಏನು ಮಾಡುತ್ತದೆ ಎಂದು. ಒಬ್ಬರನ್ನು *ಕರೆಯುವಾಗ* ಹೆಸರು ಏನು ಮಾಡುತ್ತದೆ ಎಂದು ಅವನು ಕೇಳಿಕೊಳ್ಳಲಿಲ್ಲ. ಅಂಕಿತ ವಚನದ ಕೊನೆಯಲ್ಲಿ ಬರುವುದು ಹೆಚ್ಚಾಗಿ ಸಂಬೋಧನೆಯಾಗಿ. ಸಂಗಮದೇವ ಇಂಥವನು ಎಂಬ ವರದಿಯಲ್ಲ ಅದು, ಸಂಗಮದೇವಾ ಎಂಬ ಕರೆ. ಮನೆಯಲ್ಲಿ ತಾಯಿಯನ್ನು ಯವ್ವಾ ಎಂದು ಕೂಗುವ ಮಗು ಯಾವ ಹೆಂಗಸು ಎಂದು ಗುರುತು ಹಚ್ಚುವ ಕೆಲಸ ಮಾಡುತ್ತಿಲ್ಲ. ಅದು ತಾನು ಯಾರೆಂಬುದನ್ನೂ ಆ ಕೂಗಿನಲ್ಲೇ ಹೇಳಿಬಿಟ್ಟಿರುತ್ತದೆ. ಕರೆಯುವ ಹೆಸರಿನಲ್ಲಿ ಇಬ್ಬರು ಇರುತ್ತಾರೆ, ಗುರುತಿಸುವ ಹೆಸರಿನಲ್ಲಿ ಒಬ್ಬರೇ. ಅಂಕಿತದ ತತ್ತ್ವವೆಲ್ಲ ಇಷ್ಟರಲ್ಲಿದೆ: ಶರಣರು ‘ನಾನು ಯಾರು’ ಎಂಬುದನ್ನು ತಮ್ಮ ಹೆಸರಿನಿಂದ ಹೇಳದೆ, ತಾವು ಯಾರನ್ನು ಕರೆಯುತ್ತೇವೆ ಎಂಬುದರಿಂದ ಹೇಳಿದರು.

ಹಾಗಾಗಿಯೇ ಅಂಕಿತದ ಆಯ್ಕೆ ಊರಿನ ಅಭಿಮಾನದಿಂದ ನಿರ್ಧಾರವಾಗುವುದಿಲ್ಲ. ಬಸವಣ್ಣನವರು ಬಾಗೇವಾಡಿಯವರು. ಅಲ್ಲಿ ದೇವರಿಗೇನು ಕೊರತೆಯಿರಲಿಲ್ಲ. ಶ್ರಾವಣದ ಜಾತ್ರೆಗೆ ಇಂದಿಗೂ ಸುತ್ತಲಿನ ಸೀಮೆಯೆಲ್ಲ ಸೇರುತ್ತದೆ. ಆದರೂ ಅವರು ಹುಟ್ಟೂರಿನ ದೇವರನ್ನು ಅಂಕಿತ ಮಾಡಿಕೊಳ್ಳಲಿಲ್ಲ. ಮನೆ ಬಿಟ್ಟು ಹೋಗಿ ಎಲ್ಲಿ ಕಲಿತರೋ, ಎಲ್ಲಿ ಆಸರೆ ಸಿಕ್ಕಿತೋ ಆ ಸಂಗಮದ ದೇವರನ್ನು ಕರೆದರು. ಮಡಿವಾಳ ಮಾಚಯ್ಯನವರದು ಇದಕ್ಕೆ ತಿರುಗುಮುರುಗು. ಅವರ ಊರು ದೇವರ ಹಿಪ್ಪರಗಿ. ಈಗ ಪ್ರತ್ಯೇಕ ತಾಲ್ಲೂಕಾದರೂ ಬಹುಕಾಲ ಸಿಂದಗಿ ತಾಲ್ಲೂಕಿನಲ್ಲಿದ್ದ ಊರು. ಅವರು ಕಲ್ಯಾಣಕ್ಕೆ ಹೋದಾಗಲೂ ಕಲಿದೇವರದೇವ ಎಂದು ಊರ ದೇವರನ್ನೇ ಕರೆದರು. ಒಬ್ಬರು ಬಿಟ್ಟು ಹೋಗಿ ಪಡೆದ ಹೆಸರು, ಇನ್ನೊಬ್ಬರು ಜೊತೆಗೊಯ್ದ ಹೆಸರು. ಎರಡೂ ಆಯ್ಕೆಗಳೇ. ಎರಡನ್ನೂ ‘ದೇವರ ಹೆಸರು’ ಎಂಬ ಒಂದು ಖಾನೆಗೆ ಹಾಕಿದರೆ ಆ ಜೀವನಗಳ ಕಥೆ ಕೈಜಾರುತ್ತದೆ.

ಇನ್ನು ಕೆಲವು ಅಂಕಿತಗಳನ್ನು ಓದುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಸೂಳೆ ಸಂಕವ್ವ ಎಂಬ ಶರಣೆಯ ಒಂದೇ ವಚನ ಉಳಿದಿದೆ. ಆಕೆ ಕರೆದದ್ದು ನಿರ್ಲಜ್ಜೇಶ್ವರನನ್ನು. ಲೋಕ ಯಾವ ಮಾತಿನಿಂದ ಆಕೆಯನ್ನು ಹಳಿಯುತ್ತಿತ್ತೋ ಆ ಮಾತನ್ನೇ ಎತ್ತಿ ಈಶ್ವರನ ಮೇಲಿಟ್ಟಳು. ಮಾದಾರ ಚೆನ್ನಯ್ಯನವರ ಅಂಕಿತದಲ್ಲಿ ಉಳಿ, ಕತ್ತಿ, ಅಡಿಗೂಟ ಬರುತ್ತವೆ. ಚರ್ಮದ ಕೆಲಸದ ಹತಾರಗಳು ದೇವರ ಹೆಸರಿನ ಭಾಗವಾಗಿವೆ. ಇದನ್ನು ಗೀರು ಎನ್ನುವ ಮಿಲ್‌ಗೆ ಏನು ಹೇಳೋಣ?

ಮುಕ್ತಾಯಕ್ಕನ ಅಂಕಿತ ಇನ್ನೂ ಮುಂದೆ ಹೋಗುತ್ತದೆ. ಆಕೆಯ ಅಂಕಿತ ಅಜಗಣ್ಣ. ಅಜಗಣ್ಣ ಆಕೆಯ ಅಣ್ಣ, ಗುರುವೂ ಹೌದು. ಅವನು ತೀರಿಹೋದ ದುಃಖದಲ್ಲಿ ಅಲ್ಲಮರೊಡನೆ ಆಕೆ ನಡೆಸಿದ ವಾದ ವಚನ ಸಾಹಿತ್ಯದ ಅತಿ ಕಠಿಣ ಮಾತುಕತೆಗಳಲ್ಲಿ ಒಂದು. ಇಲ್ಲಿ ಕರೆಸಿಕೊಳ್ಳುವವನು ದೇವರಲ್ಲ, ಇಲ್ಲವಾದ ಒಡಹುಟ್ಟಿದವನು. ತೀರಿಹೋದ ತಾಯಿಯ, ತಮ್ಮನ, ಗೆಳೆಯನ ಹೆಸರನ್ನು ಮೊಬೈಲಿನ ಐಡಿಗೆ ಇಟ್ಟುಕೊಂಡವರು ನಮ್ಮಲ್ಲೂ ಇದ್ದಾರೆ. ನಮ್ಮ ಕಾಲದ ಯಾವ ಯೂಸರ್‌ನೇಮಾದರೂ ಅಂಕಿತದ ಹತ್ತಿರ ಬರುವುದಾದರೆ ಇಂಥದ್ದೇ ಬರುತ್ತದೆ. ಬೇಂದ್ರೆಯವರ ಅಂಬಿಕಾತನಯದತ್ತವೂ ತಾಯಿಯ ಹೆಸರಿನಿಂದ ಶುರುವಾಗುವುದರಿಂದ ಆ ಹೊಸ್ತಿಲಲ್ಲಿ ನಿಂತಿದೆ.

ಶರಣೆಯರ ಅಂಕಿತಗಳ ಕುರಿತು ಒಂದು ಆಕ್ಷೇಪಣೆ ಇದೆ, ಅದನ್ನು ಮುಚ್ಚಿಡಬಾರದು. ಗಂಗಾಂಬಿಕೆ, ಲಕ್ಕಮ್ಮ, ಲಿಂಗಮ್ಮ ಇವರ ಅಂಕಿತಗಳಲ್ಲಿ ‘ಪ್ರಿಯ’ ಎಂಬ ಜೋಡಣೆ ಬರುತ್ತದೆ. ಆಯ್ದಕ್ಕಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ; ಮಾರಯ್ಯ ಗಂಡ. ಹೆಣ್ಣಿನ ಮಾತಿಗೂ ಗಂಡನ ಹೆಸರಿನ ಮುದ್ರೆ ಬೇಕಾಯಿತೇ ಎಂದು ಕೇಳುವವರ ಪ್ರಶ್ನೆ ನ್ಯಾಯದ್ದು. ಆದರೆ ಹಡಪದ ಲಿಂಗಮ್ಮನ ಅಂಕಿತವನ್ನು ಬಿಡಿಸಿ ನೋಡಿ: ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಆಕೆಯ ಗಂಡ ಹಡಪದ ಅಪ್ಪಣ್ಣನವರದು ಬಸವಪ್ರಿಯ ಕೂಡಲಚೆನ್ನಬಸವಣ್ಣ. ಗಂಡಿನ ಅಂಕಿತದಲ್ಲೂ ‘ಪ್ರಿಯ’ ಇದೆ. ಅವರೂ ಇನ್ನೊಬ್ಬರ ಮೂಲಕವೇ ಕರೆದರು. ಲಿಂಗಮ್ಮನಿಂದ ಅಪ್ಪಣ್ಣ, ಅಪ್ಪಣ್ಣನವರಿಂದ ಬಸವಣ್ಣ, ಚೆನ್ನಬಸವಣ್ಣ, ಅವರಿಂದ ಸಂಗಮದೇವ. ಮದುವೆಯಲ್ಲಿ ಮುಯ್ಯಿ ಬಂದ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೆತ್ತಿರುತ್ತದೆ. ಐವತ್ತು ವರ್ಷ ಅಡುಗೆ ಮಾಡಿದವಳ ಹೆಸರಿರುವುದಿಲ್ಲ. ಕೊಟ್ಟವರ ಹೆಸರು ಓದಿದರೆ ಯಾವ ಮನೆಗೂ ಯಾವ ಮನೆಗೂ ಬಳಕೆಯಿತ್ತು ಎಂಬುದು ಗೊತ್ತಾಗುತ್ತದೆ. ಶರಣರ ಅಂಕಿತಗಳೂ ಕಲ್ಯಾಣದ ಬಳಗ ಹೇಗೆ ಒಬ್ಬರಿಂದೊಬ್ಬರಿಗೆ ಹೆಣೆದುಕೊಂಡಿತ್ತು ಎಂಬುದನ್ನು ಹೀಗೆಯೇ ಹೇಳುತ್ತವೆ. ಹಡಪ ಹಿಡಿಯುವವರ ಮನೆಯ ಹೆಣ್ಣುಮಗಳೊಬ್ಬಳು ಈ ಸರಪಳಿಯಲ್ಲಿ ತನ್ನ ಕೊಂಡಿಯನ್ನು ತಾನೇ ಹಾಕಿಕೊಂಡಳು ಎಂಬುದು ನನಗೆ ದೊಡ್ಡ ಸಂಗತಿ.

ಈಗ ಕಠಿಣ ಪ್ರಶ್ನೆಗೆ ಬರೋಣ. ಅಂಬಿಗರ ಚೌಡಯ್ಯನವರ ಅಂಕಿತ ಅಂಬಿಗರ ಚೌಡಯ್ಯ. ತಮ್ಮದೇ ಹೆಸರು, ತಮ್ಮದೇ ಕಾಯಕ. ಹಾಗಾದರೆ ಇಷ್ಟುಹೊತ್ತು ಹೇಳಿದ್ದೆಲ್ಲ ಹುಸಿಯಾಯಿತೇ? ಕಾವ್ಯನಾಮದ ಪಕ್ಷದವರು ಚೌಡಯ್ಯನವರನ್ನೇ ಮುಂದೆ ತಂದು ನಿಲ್ಲಿಸುತ್ತಾರೆ. ಆದರೆ ಅವರ ವಚನಗಳು ಮುಗಿಯುವ ರೀತಿಯನ್ನು ಗಮನಿಸಬೇಕು. ಅಲ್ಲಿ ಹೆಸರು ಸಂಬೋಧನೆಯಾಗಿ ಬರುವುದಿಲ್ಲ. ‘ಎಂದನು’ ಎಂಬ ಕ್ರಿಯಾಪದದೊಡನೆ ಬರುತ್ತದೆ. ಬೇರೆ ಶರಣರು ದೇವರ ಕಡೆ ತಿರುಗಿ ನಿಂತಿದ್ದರೆ ಚೌಡಯ್ಯನವರು ಜನರ ಕಡೆ ತಿರುಗಿ ನಿಂತಿದ್ದಾರೆ. ಡಂಭದ ಗುರುಗಳನ್ನು, ಕಪಟ ಭಕ್ತರನ್ನು ಅವರು ಜಾಡಿಸಿದಷ್ಟು ಬಿರುಸಾಗಿ ಇನ್ನಾರೂ ಜಾಡಿಸಲಿಲ್ಲ. ಅಷ್ಟು ಬೈದ ಮೇಲೆ, ಬೈದವನು ನಾನು, ದೋಣಿ ನಡೆಸುವ ಚೌಡಯ್ಯ, ಬೇಕಾದರೆ ಬಂದು ಕೇಳಿ ಎಂದು ನಿಂತರು. ದೇವರ ಹೆಸರಿನ ಮರೆಯಲ್ಲಿ ನಿಂತು ಬೈಯುವುದು ಸುಲಭವಿತ್ತು, ಅವರು ಅದನ್ನು ಒಲ್ಲೆನೆಂದರು. ಅಂದರೆ ಅವರ ಅಂಕಿತವೂ ‘ನಾನು’ ಎಂದು ಮೆರೆಯುವುದಕ್ಕಲ್ಲ. ಆಡಿದ ಮಾತಿಗೆ ಹೊಣೆ ಹೊರುವುದಕ್ಕೆ. ಸುಳ್ಳು ಹೆಸರಿನ ಖಾತೆ ತೆರೆದು ಯಾರದೋ ಮನೆಯ ಹೆಣ್ಣುಮಕ್ಕಳನ್ನು ಹೀನಾಯವಾಗಿ ಬೈಯುವವರಿಗೆ ‘ಶರಣರಿಗೂ ಬೇರೆ ಹೆಸರಿತ್ತಲ್ಲ’ ಎಂಬ ನೆವ ಸಿಗಬಾರದು ಎಂಬುದಕ್ಕಾಗಿಯೇ ನಾನು ಈ ಹೋಲಿಕೆಯ ವಿರುದ್ಧ ಇಷ್ಟು ಬರೆಯುತ್ತಿರುವುದು. ಅಂಕಿತದಲ್ಲಿ ಅಡಗಿ ಕೂರುವುದಕ್ಕೆ ಎಡೆಯಿಲ್ಲ. ಶರಣರು ಯಾರಿಂದ ಏನನ್ನೂ ಮುಚ್ಚಿಡಲಾರರೋ ಅವರನ್ನೇ ಅಂಕಿತದಲ್ಲಿ ಕರೆದಿದ್ದಾರೆ.

ಇನ್ನೊಂದು ವ್ಯತ್ಯಾಸ. ಯೂಸರ್‌ನೇಮ್ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ. ನಿಮಗೆ ಬೇಕಾದ ಹೆಸರು ಮೊದಲೇ ಯಾರೋ ತೆಗೆದುಕೊಂಡಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ, ಮುಂದೆ ನಾಲ್ಕು ಅಂಕಿ ಸೇರಿಸಬೇಕು. ಮಲ್ಲಿಕಾರ್ಜುನನನ್ನು ಹಾಗೆ ಯಾರೂ ಕಾಯ್ದಿರಿಸಲಿಲ್ಲ. ಅಕ್ಕನಿಗೆ ಅವನು ಚೆನ್ನಮಲ್ಲಿಕಾರ್ಜುನ, ಸೊನ್ನಲಿಗೆಯ ಸಿದ್ಧರಾಮರಿಗೆ ಕಪಿಲಸಿದ್ಧಮಲ್ಲಿಕಾರ್ಜುನ, ಮೋಳಿಗೆಯ ಮಾರಯ್ಯನವರಿಗೆ ನಿಃಕಳಂಕ ಮಲ್ಲಿಕಾರ್ಜುನ. ಮುಂದೆ ಸೇರಿದ ಮಾತು ಖಾತೆಯ ಸಂಖ್ಯೆಯಲ್ಲ; ಒಬ್ಬೊಬ್ಬರಿಗೆ ಅವನು ಕಂಡ ಬಗೆ. ಇದರಿಂದ ಮುಂದೆ ಹಸ್ತಪ್ರತಿ ಓದುವವರಿಗೆ ಅನುಕೂಲವಾಯಿತು, ನಿಜ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ಓಲೆಗರಿಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದಾಗಲೂ, ಸಿಂದಗಿ ತಾಲ್ಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಬಂದಾಗಲೂ ಯಾವ ವಚನ ಯಾರದು ಎಂದು ಹೇಳಲು ಅಂಕಿತವೇ ಮುಖ್ಯ ಆಧಾರ. ಆದರೆ ಆ ಸಂಪುಟಗಳಲ್ಲಿ ಅಂಕಿತ ಮಾತ್ರ ಉಳಿದು ಬರೆದವರ ಹೆಸರು ಅಳಿದುಹೋದ ವಚನಗಳೂ ಇವೆ. ಕರೆದವರು ಯಾರೆಂಬುದು ಮರೆತಿದೆ, ಕರೆ ಉಳಿದಿದೆ. ಗುರುತಿನ ಚೀಟಿಯಾಗಿದ್ದರೆ ಅದು ಕೆಲಸಕ್ಕೆ ಬಾರದ ಚೀಟಿ. ವಚನವಾಗಿ ಅದಕ್ಕೆ ಏನೂ ಕಡಿಮೆಯಾಗಿಲ್ಲ.

ಅಂಕಿತವನ್ನು ಬರಿಯ ಬೆರಳು ತೋರಿಕೆ ಎಂದುಕೊಂಡರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. ಮಾತೆ ಮಹಾದೇವಿಯವರು 1996ರಲ್ಲಿ ಹೊರತಂದ ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ಕೊನೆಗೆ ಕೂಡಲಸಂಗಮದೇವ ಇದ್ದಲ್ಲೆಲ್ಲ ಲಿಂಗದೇವ ಎಂದು ಇಟ್ಟರು. ನಾಡಿನ ತುಂಬ ವಿರೋಧ ಎದ್ದಿತು. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋರ್ಟಿನ ಲೆಕ್ಕಾಚಾರ ಬೇರೆ, ಪುಸ್ತಕ ಮುಟ್ಟುಗೋಲಿನಿಂದ ತತ್ತ್ವದ ಪ್ರಶ್ನೆ ಬಗೆಹರಿಯುವುದೂ ಇಲ್ಲ. ಆ ಬದಲಾವಣೆಯ ಪರವಾಗಿ ಹೇಳಬಹುದಾದ ಗಟ್ಟಿ ವಾದವನ್ನೇ ಎತ್ತಿಕೊಳ್ಳೋಣ: ಸಂಗಮದೇವ ಒಂದು ಊರಿನ, ಒಂದು ಗುಡಿಯ ಸ್ಥಾವರ ದೇವರು. ಬಸವಣ್ಣನವರು ಸ್ಥಾವರವನ್ನು ಬಿಟ್ಟು ಅಂಗೈಯ ಇಷ್ಟಲಿಂಗವನ್ನು ಹಿಡಿದವರು. ಎರಡು ಹೆಸರುಗಳೂ ತೋರಿಸುವುದು ಒಂದೇ ಪರವಸ್ತುವನ್ನಾದರೆ ಊರಿನ ಹಂಗಿಲ್ಲದ ಹೆಸರೇ ಮೇಲಲ್ಲವೇ?

ಮಿಲ್ ಈ ವಾದಕ್ಕೆ ತಲೆದೂಗುತ್ತಿದ್ದ. ಎರಡು ಗೀರುಗಳು ಒಂದೇ ಮನೆಯ ಬಾಗಿಲ ಮೇಲಿದ್ದರೆ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿದರೆ ನಷ್ಟವಿಲ್ಲ. ಆದರೆ ಕರೆಯ ವಿಷಯದಲ್ಲಿ ಹಾಗೆ ಅದಲುಬದಲು ಮಾಡಲಾಗದು. ಹುಡುಗನಾಗಿ ಮನೆ ಬಿಟ್ಟು ಬಂದವರು, ಮಂತ್ರಿಯಾದವರು, ಕಲ್ಯಾಣ ಹೊತ್ತಿ ಉರಿದಾಗ ಮರಳಿ ಹೊಳೆಯ ದಂಡೆಗೇ ಬಂದವರು ಆ ಹೆಸರು ಹಿಡಿದು ಕರೆದರು. ಅದನ್ನು ತೆಗೆದರೆ ಪರವಸ್ತುವಿಗೇನೂ ಆಗುವುದಿಲ್ಲ, ಕರೆದವರು ಇಲ್ಲವಾಗುತ್ತಾರೆ.

ಸ್ಥಾವರದ ಆಕ್ಷೇಪಣೆಗೆ ಉತ್ತರ ಮುದ್ದೇಬಿಹಾಳ ತಾಲ್ಲೂಕಿನಲ್ಲೇ ಇದೆ. ಕೂಡಲಸಂಗಮದ ಎದುರು ದಂಡೆಯಲ್ಲಿ ತಂಗಡಗಿ. ಬಸವಣ್ಣನವರ ಮಡದಿ ನೀಲಾಂಬಿಕೆ, ಅಂದರೆ ನೀಲಮ್ಮ, ಐಕ್ಯಳಾದ ಊರು. ಹಡಪದ ಅಪ್ಪಣ್ಣನವರ ಹೆಸರಿನ ಪೀಠವೂ ಅಲ್ಲೇ ಇದೆ. ಬಸವಣ್ಣನವರು ಸಂಗಮದಿಂದ ಅಪ್ಪಣ್ಣನವರನ್ನು ಕಳಿಸಿ ನೀಲಮ್ಮನನ್ನು ಬರಹೇಳಿದರೆಂದೂ, ಆಕೆ ತಂಗಡಗಿಯವರೆಗೆ ಬಂದಾಗ ಬಸವಣ್ಣನವರು ಐಕ್ಯರಾದ ಸುದ್ದಿ ತಲುಪಿತೆಂದೂ, ಅಲ್ಲಿರುವ ಸಂಗಯ್ಯ ಇಲ್ಲೂ ಇದ್ದಾನೆಂದು ಆಕೆ ಹೊಳೆ ದಾಟದೆ ಆ ದಂಡೆಯಲ್ಲೇ ಉಳಿದಳೆಂದೂ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ನೀಲಮ್ಮನ ಅಂಕಿತ ಸಂಗಯ್ಯ. ಊರಿನಿಂದ ಬಂದ ಹೆಸರು ಅದು. ಆದರೆ ಆ ಊರಿಗೆ ಹೋಗಿ ಮುಟ್ಟಬೇಕಾದ ಅಗತ್ಯ ಆಕೆಗೆ ಬೀಳಲಿಲ್ಲ, ಹೆಸರನ್ನು ಬದಲಿಸುವ ಅಗತ್ಯವೂ ಬೀಳಲಿಲ್ಲ. ಸ್ಥಾವರವನ್ನು ಬಿಡಲು ಇನ್ನೊಂದು ಹೆಸರು ಬೇಕೆಂದು ಇಪ್ಪತ್ತನೆಯ ಶತಮಾನದಲ್ಲಿ ಹೊರಟ ವಾದಕ್ಕೆ, ಹಳೆಯ ಹೆಸರನ್ನೇ ಕರೆಯುತ್ತ ಈಚೆ ದಂಡೆಯಲ್ಲಿ ಉಳಿದ ಆಕೆ ಆಗಲೇ ಉತ್ತರ ಕೊಟ್ಟಿದ್ದಳು.